ಸಿಸ್ಟಮ್ ಯಾರದೇ ಇರಲಿ, ಕೆಲಸ ನಿಲ್ಲದಿರಲಿ

ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ 7, ಶಾಲೆಯ ಲ್ಯಾಬ್‌ನಲ್ಲಿ ಇನ್ನೂ ಎಕ್ಸ್‌ಪಿ, ಮನೆಯ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11. ಮೇಷ್ಟರು, ಪತ್ರಿಕೆಗೆ ಬರೆಯುವವರು, ಸಂಶೋಧನಾ ವಿದ್ಯಾರ್ಥಿಗಳು, ಸಂಘದ ಲೆಕ್ಕ ನೋಡುವವರು ಹೀಗೆ ನಮ್ಮಲ್ಲಿ ಅನೇಕರು ಒಂದೇ ವಾರದಲ್ಲಿ ಈ ಮೂರರ ಮುಂದೆಯೂ ಕೂರುತ್ತಾರೆ. ಬೇಕಾದ ಸಾಫ್ಟ್‌ವೇರ್ ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಕಿಕೊಳ್ಳೋಣವೆಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅದು ಗೊತ್ತಿರುವವರು ಆ ಹೊತ್ತಿಗೆ ಸಿಗುವುದಿಲ್ಲ. ಸಂಜೆಯೊಳಗೆ ಕಳಿಸಬೇಕಾದ ವರದಿ ಅಲ್ಲೇ ನಿಲ್ಲುತ್ತದೆ.

ಇನ್‌ಸ್ಟಾಲ್ ಮಾಡದೆ, ಫೋಲ್ಡರ್ ಕಾಪಿ ಮಾಡಿದರೆ ಸಾಕು ಎಂಬಂತೆ ಓಡುವ ಸಾಫ್ಟ್‌ವೇರ್‌ಗೆ ಪೋರ್ಟಬಲ್ ಎನ್ನುತ್ತಾರೆ. ಅದು ಮೇಲೋ ಇನ್‌ಸ್ಟಾಲ್ ಮಾಡುವುದು ಮೇಲೋ ಎಂದು ವಾದಿಸುವ ಬದಲು ಕೆಲಸವನ್ನು ಹಂಚಿಕೊಳ್ಳಿ. ನಿಮ್ಮ ಜೊತೆ ತಿರುಗಾಡುವ ಕೆಲಸಕ್ಕೆ ಪೋರ್ಟಬಲ್. ಆ ಯಂತ್ರದ ಜೊತೆಗೇ ಉಳಿಯುವ ಕೆಲಸಕ್ಕೆ ಇನ್‌ಸ್ಟಾಲ್. ಮುಂದಿನ ಸೂತ್ರಗಳೆಲ್ಲ ಈ ಹಂಚಿಕೆಯನ್ನು ಸರಿಯಾಗಿ ಮಾಡುವುದು ಹೇಗೆ ಎಂಬುದರ ಬಗ್ಗೆ.

1. ಸಾಫ್ಟ್‌ವೇರ್ ಎಲ್ಲೆಲ್ಲಿ ಬರೆದಿಡುತ್ತದೆ ಎಂದು ಮೊದಲು ನೋಡಿ

ಡಾಸ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ವರ್ಡ್‌ಸ್ಟಾರ್‌ನಂಥ ಪ್ರೋಗ್ರಾಂ ಒಂದು ಫೋಲ್ಡರ್‌ನಲ್ಲಿ ಇರುತ್ತಿತ್ತು, ಅದರ ಸೆಟ್ಟಿಂಗೂ ಅಲ್ಲೇ ಇರುತ್ತಿತ್ತು. ಫ್ಲಾಪಿಗೆ ಹಾಕಿಕೊಂಡು ಹೋಗಿ ಬೇರೆ ಸಿಸ್ಟಮ್‌ನಲ್ಲಿ ಕಾಪಿ ಮಾಡಿದರೆ ಓಡುತ್ತಿತ್ತು. ವಿಂಡೋಸ್ ಬಂದಮೇಲೆ ಎಲ್ಲವೂ ಚದುರಿತು. 1992ರ ವಿಂಡೋಸ್ 3.1ರಲ್ಲಿ ಸಣ್ಣದಾಗಿ ಶುರುವಾದ ರಿಜಿಸ್ಟ್ರಿ, ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯ ಕೇಂದ್ರ ಕಡತವಾಯಿತು. ಅಲ್ಲಿಂದ ಮುಂದೆ ಒಂದು ಸಾಫ್ಟ್‌ವೇರ್ ಇನ್‌ಸ್ಟಾಲ್ ಆಯಿತೆಂದರೆ ಅದರ ಮುಖ್ಯ ಭಾಗ ಪ್ರೋಗ್ರಾಂ ಫೈಲ್ಸ್‌ಗೆ, ನಿಮ್ಮ ಸೆಟ್ಟಿಂಗ್‌ಗಳು ಆ್ಯಪ್‌ಡೇಟಾ ಎಂಬ ಮರೆಯಲ್ಲಿರುವ ಫೋಲ್ಡರ್‌ಗೆ, ಇನ್ನೊಂದಷ್ಟು ವಿವರ ರಿಜಿಸ್ಟ್ರಿಗೆ, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಡಿಎಲ್‌ಎಲ್ ಕಡತಗಳು ಸಿಸ್ಟಮ್ ಫೋಲ್ಡರ್‌ಗೆ ಹೋಗುತ್ತವೆ. ಪ್ರೋಗ್ರಾಂ ಫೈಲ್ಸ್ ಒಳಗಿನ ಫೋಲ್ಡರನ್ನು ಮಾತ್ರ ಪೆನ್‌ಡ್ರೈವ್‌ಗೆ ಎಳೆದುಕೊಂಡರೆ ಬೇರೆ ಕಡೆ ಅದು ಓಡದಿರುವುದು ಈ ಕಾರಣಕ್ಕೆ.

ಪರೀಕ್ಷೆ ಸುಲಭ. ಸಾಫ್ಟ್‌ವೇರ್ ತೆರೆದು ಕಣ್ಣಿಗೆ ಕಾಣುವ ಒಂದು ಸೆಟ್ಟಿಂಗ್ ಬದಲಿಸಿ: ಅಕ್ಷರದ ಗಾತ್ರವೋ ಹಿನ್ನೆಲೆಯ ಬಣ್ಣವೋ ಆಗಬಹುದು. ಮುಚ್ಚಿ. ಇಡೀ ಫೋಲ್ಡರನ್ನು ಬೇರೆ ಸಿಸ್ಟಮ್‌ಗೆ ಒಯ್ದು ತೆರೆಯಿರಿ. ನೀವು ಬದಲಿಸಿದ್ದು ಅಲ್ಲೂ ಹಾಗೆಯೇ ಇದ್ದರೆ ಅದು ನಿಜವಾದ ಪೋರ್ಟಬಲ್. ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್ ಹಿಂದಿನ ಸಿಸ್ಟಮ್‌ನಲ್ಲೇ ಉಳಿದಿದೆ ಎಂದರ್ಥ.

2. ಝಿಪ್ ಬಿಚ್ಚಿದ ಮಾತ್ರಕ್ಕೆ ಪೋರ್ಟಬಲ್ ಆಗದು

ಇನ್‌ಸ್ಟಾಲರ್ ಇಲ್ಲದೆ ಝಿಪ್ ರೂಪದಲ್ಲಿ ಸಿಗುವ ಎಷ್ಟೋ ಸಾಫ್ಟ್‌ವೇರ್‌ಗಳು ಓಡುವುದೇನೋ ಓಡುತ್ತವೆ, ಆದರೆ ಸೆಟ್ಟಿಂಗನ್ನು ಆ್ಯಪ್‌ಡೇಟಾದಲ್ಲೇ ಇಡುತ್ತವೆ. ಕೆಲವಕ್ಕೆ ಒಂದು ಸಣ್ಣ ಸನ್ನೆ ಬೇಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಫೋಲ್ಡರ್‌ನಲ್ಲಿ ‘ಡೂ ಲೋಕಲ್ ಕಾನ್ಫ್’ ಹೆಸರಿನ ಖಾಲಿ ಎಕ್ಸ್‌ಎಂಎಲ್ ಕಡತ ಇದೆಯೇ ನೋಡಿ. ಅದು ಇದ್ದರೆ ಸೆಟ್ಟಿಂಗ್‌ಗಳೆಲ್ಲ ಅದೇ ಫೋಲ್ಡರ್‌ನಲ್ಲಿ ಕೂರುತ್ತವೆ. ವಿಶುವಲ್ ಸ್ಟುಡಿಯೊ ಕೋಡ್‌ನ ಝಿಪ್ ಬಿಚ್ಚಿ ಅದರೊಳಗೆ ‘ಡೇಟಾ’ ಎಂಬ ಖಾಲಿ ಫೋಲ್ಡರ್ ಮಾಡಿದರೆ ಎಕ್ಸ್‌ಟೆನ್ಷನ್‌ಗಳ ಸಮೇತ ಅದು ಪೋರ್ಟಬಲ್ ಆಗುತ್ತದೆ. ಧ್ವನಿ ಸಂಕಲನಕ್ಕೆ ಬಳಸುವ ಆಡಾಸಿಟಿಗೆ ‘ಪೋರ್ಟಬಲ್ ಸೆಟ್ಟಿಂಗ್ಸ್’ ಎಂಬ ಫೋಲ್ಡರ್ ಬೇಕು. ಒಂದು ಖಾಲಿ ಫೋಲ್ಡರ್ ಇಷ್ಟು ವ್ಯತ್ಯಾಸ ಮಾಡುತ್ತದೆ. ಹಾಗಾಗಿ ಹೊಸದೇನನ್ನಾದರೂ ನೀವು ಒಯ್ಯುವ ಸಾಫ್ಟ್‌ವೇರ್ ಕಿಟ್‌ಗೆ ಸೇರಿಸುವ ಮುನ್ನ ಅದರ ಕೈಪಿಡಿಯಲ್ಲಿ ಪೋರ್ಟಬಲ್ ಎಂಬ ಪದವನ್ನು ಹುಡುಕಿ ಐದು ನಿಮಿಷ ಓದಿ.

3. ಮೂಲದಿಂದಲೇ ಇಳಿಸಿಕೊಳ್ಳಿ

ತಯಾರಕರ ಸ್ವಂತ ತಾಣ, ಇಲ್ಲವೇ ಪೋರ್ಟಬಲ್‌ಆ್ಯಪ್ಸ್‌ನಂಥ ಹಳೆಯ ವಿಶ್ವಾಸಾರ್ಹ ಸಂಗ್ರಹ. ಜಾನ್ ಹಾಲರ್ ಅವರು 2004ರಲ್ಲಿ ಫೈರ್‌ಫಾಕ್ಸನ್ನು ಪೆನ್‌ಡ್ರೈವ್‌ಗೆ ಒಗ್ಗಿಸಿದ ಕೆಲಸದಿಂದ ಬೆಳೆದದ್ದು ಅದು. ದುಬಾರಿ ಸಾಫ್ಟ್‌ವೇರ್‌ಗಳ ‘ಪೋರ್ಟಬಲ್ ವರ್ಷನ್’ ಎಂದು ಯಾರೋ ಕಟ್ಟಿ ಹಂಚುವ ಕಡತಗಳನ್ನು ಮುಟ್ಟಲೇಬೇಡಿ. ಅದು ಪರವಾನಗಿಯ ಉಲ್ಲಂಘನೆ. ಜೊತೆಗೆ ಒಳಗೆ ಏನು ಸೇರಿಸಿದ್ದಾರೆಂದು ನಿಮಗೆ ತಿಳಿಯುವ ದಾರಿಯೂ ಇಲ್ಲ.

ಒಳ್ಳೆಯ ತಯಾರಕರು ಕಡತದ ಜೊತೆ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತನ್ನೂ ಕೊಟ್ಟಿರುತ್ತಾರೆ. ಸೆವೆನ್‌ ಝಿಪ್ ತೆರೆದು, ಇಳಿಸಿದ ಕಡತವನ್ನು ಆರಿಸಿ, ಫೈಲ್ ಮೆನುವಿನ ಸಿಆರ್‌ಸಿ ಎಂಬಲ್ಲಿ ಅದನ್ನು ಲೆಕ್ಕ ಹಾಕಿಸಬಹುದು. ಮೊದಲ ಆರು, ಕೊನೆಯ ಆರು ಅಕ್ಷರ ನೋಡಿ ಸಮಾಧಾನಪಡದೆ ಪೂರ್ತಿ ತಾಳೆ ನೋಡಿ.

4. ಕಿಟ್ ಚಿಕ್ಕದಿರಲಿ

ಸಿಕ್ಕಿದ್ದನ್ನೆಲ್ಲ ತುಂಬಿಕೊಂಡರೆ ಅಪ್‌ಡೇಟ್ ಮಾಡುವುದೇ ಒಂದು ಉದ್ಯೋಗವಾಗುತ್ತದೆ. ಬರವಣಿಗೆಯ ಕೆಲಸಕ್ಕೆ ನನ್ನ ಆಯ್ಕೆ ಇಷ್ಟು: ಪಿಡಿಎಫ್ ಓದಲು ಸುಮಾತ್ರ ಪಿಡಿಎಫ್, ಝಿಪ್ ಬಿಚ್ಚಲು ಸೆವೆನ್‌ ಝಿಪ್, ಬರಿಯ ಪಠ್ಯಕ್ಕೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ದಾಖಲೆ ಮತ್ತು ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಪೋರ್ಟಬಲ್, ಪಾಸ್‌ವರ್ಡ್ ಇಡಲು ಕೀಪಾಸ್, ಜಾಲಕ್ಕೆ ಫೈರ್‌ಫಾಕ್ಸ್ ಪೋರ್ಟಬಲ್. ಇವುಗಳಲ್ಲಿ ಸುಮಾತ್ರದ ಬಗ್ಗೆ ನನಗೆ ವಿಶೇಷ ಪ್ರೀತಿ. ಒಂದೇ ಕಡತ, ಪಕ್ಕದಲ್ಲಿ ಸೆಟ್ಟಿಂಗ್‌ಗೆ ಒಂದು ಪಠ್ಯ ಕಡತ, ಅಷ್ಟೆ. ಭಾರಿ ಪಿಡಿಎಫ್ ರೀಡರ್ ತೆರೆದುಕೊಳ್ಳುವಷ್ಟರಲ್ಲಿ ಹಳೆಯ 2 ಜಿಬಿ ರ್‍ಯಾಮಿನ ಸಿಸ್ಟಮ್‌ನಲ್ಲೂ ಇದರಲ್ಲಿ ಎರಡು ಪುಟ ಓದಿ ಮುಗಿಸಬಹುದು.

5. ಹಳೆಯದಕ್ಕೊಂದು, ಹೊಸದಕ್ಕೊಂದು ಫೋಲ್ಡರ್

ಪೋರ್ಟಬಲ್ ಎಂದ ಮಾತ್ರಕ್ಕೆ ಎಲ್ಲ ಸಿಸ್ಟಮ್‌ನಲ್ಲೂ ಓಡುತ್ತದೆ ಎಂದುಕೊಂಡು ಹೋಗಿ ಪರದಾಡುವವರು ಬಹಳ. ಸಾಫ್ಟ್‌ವೇರ್ ನಿಮ್ಮ ಫೋಲ್ಡರ್‌ನಲ್ಲಿದ್ದರೂ ಅದು ನಿಂತಿರುವುದು ಅಲ್ಲಿಯ ವಿಂಡೋಸ್ ಮೇಲೆ. ಮೈಕ್ರೊಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಸಾಫ್ಟ್‌ವೇರ್ ತಯಾರಕರು ಒಬ್ಬೊಬ್ಬರಾಗಿ ಅದೇ ಹಾದಿ ಹಿಡಿಯುತ್ತಾರೆ. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಲಿಬ್ರೆಆಫೀಸ್ 5.4, ಕೊನೆಯ ಫೈರ್‌ಫಾಕ್ಸ್ 52ರ ಇಎಸ್‌ಆರ್ (ದೀರ್ಘ ಬೆಂಬಲದ) ಸರಣಿ. ವಿಂಡೋಸ್ 7ಕ್ಕೆ ಫೈರ್‌ಫಾಕ್ಸ್ 115ರ ಇಎಸ್‌ಆರ್, ಕ್ರೋಮ್ ಆದರೆ 109. ಲಿಬ್ರೆಆಫೀಸ್ 25.8ರಿಂದ ಮುಂದಿನವು ವಿಂಡೋಸ್ 7, 8ರಲ್ಲಿ ಓಡುವುದಿಲ್ಲ.

ಆದ್ದರಿಂದ ಕಿಟ್‌ನಲ್ಲಿ ‘ಹಳೆಯದು’, ‘ಹೊಸದು’ ಎಂದು ಎರಡು ಫೋಲ್ಡರ್ ಮಾಡಿ. ಹಳೆಯ ಮತ್ತು ಹೊಸ ಫೈರ್‌ಫಾಕ್ಸ್‌ಗೆ ಒಂದೇ ಪ್ರೊಫೈಲ್ ಕೊಡಬೇಡಿ; ಹೊಸದು ಮುಟ್ಟಿದ ಪ್ರೊಫೈಲನ್ನು ಹಳೆಯದು ಸರಿಯಾಗಿ ಓದಲಾರದು. ಕೀಪಾಸ್‌ನಲ್ಲೂ ಇದೇ ಎಚ್ಚರ. ಅದರ 2ನೇ ಸರಣಿಗೆ ಡಾಟ್‌ನೆಟ್ ಎಂಬ ಮೈಕ್ರೊಸಾಫ್ಟ್ ವ್ಯವಸ್ಥೆ ಬೇಕು, 1ನೇ ಸರಣಿಗೆ ಬೇಡ. ಹಳೆಯ ಸಿಸ್ಟಮ್‌ಗೆ 1ನೆಯದು ಒಳ್ಳೆಯದೇ, ಆದರೆ ಎರಡರ ಕಡತದ ನಮೂನೆ ಬೇರೆ ಬೇರೆ.

6. 32 ಬಿಟ್‌ನದೇ ಇಟ್ಟುಕೊಳ್ಳಿ, ಹಳೆಯದರ ಮಟ್ಟಿಗೆ

64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಸಾಫ್ಟ್‌ವೇರ್ ಓಡುತ್ತದೆ, ತಿರುಗುಮುರುಗು ಆಗದು. ಗೊತ್ತಿಲ್ಲದ ಸಿಸ್ಟಮ್‌ನ ಮುಂದೆ ಕೂರುವವರಿಗೆ 32 ಬಿಟ್ ಸುರಕ್ಷಿತ ಆಯ್ಕೆ.

ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳ ಕಥೆಯೇ ಬೇರೆ. ಗ್ರಂಥಾಲಯದ ಪಟ್ಟಿ, ಸಂಬಳದ ಲೆಕ್ಕ ಇಂಥವನ್ನು ಆ ಕಾಲದಲ್ಲಿ ಬರೆಸಿಕೊಂಡು ಇನ್ನೂ ಬಳಸುತ್ತಿರುವ ಕಡೆಗಳಿವೆ. 32 ಬಿಟ್ ವಿಂಡೋಸ್‌ನಲ್ಲಿ ಅವು ಓಡುತ್ತಿದ್ದವು. 64 ಬಿಟ್‌ನಲ್ಲಿ ಅವಕ್ಕೆ ಜಾಗವೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಂಥ ಪ್ರೋಗ್ರಾಂ ಇರುವ ಫೋಲ್ಡರಿನ ಪಕ್ಕದಲ್ಲಿ ಡಾಸ್‌ಬಾಕ್ಸ್ ಇಟ್ಟರೆ ಬಹುತೇಕ ಸಂದರ್ಭಗಳಲ್ಲಿ ಹೊಸ ಲ್ಯಾಪ್‌ಟಾಪ್‌ನಲ್ಲೂ ಅದು ಮತ್ತೆ ಜೀವ ತಾಳುತ್ತದೆ. ಹಳೆಯ ಸಿಸ್ಟಮ್ ಕೈಕೊಡುವ ಮುನ್ನವೇ ಈ ಪ್ರಯೋಗ ಮಾಡಿ ನೋಡಿಕೊಳ್ಳಿ.

7. ‘ಡಿಎಲ್‌ಎಲ್ ಮಿಸ್ಸಿಂಗ್’ ಎಂದರೆ ಗಾಬರಿಬಿದ್ದು ಹುಡುಕಬೇಡಿ

ಹಳೆಯ ಸಿಸ್ಟಮ್‌ನಲ್ಲಿ ಹೊಸ ಪೋರ್ಟಬಲ್ ತೆರೆದಾಗ ‘ವಿಸಿ ರನ್‌ಟೈಮ್ 140 ಇಲ್ಲ’ ಎಂಬಂಥ ಸಂದೇಶ ಬರುವುದುಂಟು. ಆ ಹೆಸರನ್ನು ಹುಡುಕಿ, ಡಿಎಲ್‌ಎಲ್ ಕಡತಗಳನ್ನು ಬಿಡಿಬಿಡಿಯಾಗಿ ಕೊಡುವ ಯಾವುದೋ ತಾಣದಿಂದ ಇಳಿಸಿ ಸಿಸ್ಟಮ್ ಫೋಲ್ಡರ್‌ಗೆ ಹಾಕುವುದು ಅಪಾಯದ ದಾರಿ. ಮೈಕ್ರೊಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದಕ್ಕೆ ಅಡ್ಮಿನ್ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಅದೇ ಸಾಫ್ಟ್‌ವೇರಿನ ಹಿಂದಿನ ಆವೃತ್ತಿಗೆ ಮರಳಿ.

8. ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಡಿಸ್ಕ್‌ನಲ್ಲಿ ಓಡಿಸಿ

ಲಿಬ್ರೆಆಫೀಸ್ ಪೋರ್ಟಬಲ್ ಎಂದರೆ ಸಾವಿರಾರು ಸಣ್ಣ ಕಡತಗಳು. ಸಾಮಾನ್ಯ ಪೆನ್‌ಡ್ರೈವ್ ಒಂದು ದೊಡ್ಡ ಕಡತವನ್ನು ವೇಗವಾಗಿ ಓದಬಲ್ಲದು. ಸಣ್ಣವನ್ನು ಒಂದೊಂದಾಗಿ ಓದಿ ಬರೆಯುವಾಗ ತೆವಳುತ್ತದೆ. ಬ್ರೌಸರ್ ಅಂತೂ ಕ್ಷಣಕ್ಷಣಕ್ಕೂ ಏನಾದರೊಂದು ಬರೆಯುತ್ತಲೇ ಇರುತ್ತದೆ. ‘ಪೋರ್ಟಬಲ್ ಎಂದರೆ ಸ್ಲೋ’ ಎಂಬ ದೂರು ಹುಟ್ಟುವುದು ಬಹುತೇಕ ಇಲ್ಲಿ. ತಪ್ಪು ಸಾಫ್ಟ್‌ವೇರಿನದಲ್ಲ. ಫೋಲ್ಡರನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಅಲ್ಲಿಂದ ಓಡಿಸಿ ನೋಡಿ, ಇನ್‌ಸ್ಟಾಲ್ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದೇ ಕಡಿಮೆ. ಇಡೀ ಕಿಟ್ಟನ್ನು ಒಂದೇ ಝಿಪ್ ಮಾಡಿಟ್ಟುಕೊಂಡು, ಹೋದಲ್ಲಿ ಡಿಸ್ಕ್‌ಗೆ ಬಿಚ್ಚಿದರೆ ಕಾಪಿಯೂ ಬೇಗ ಮುಗಿಯುತ್ತದೆ.

ಕೆಲಸ ಮುಗಿದ ಮೇಲೆ ಬದಲಾದದ್ದನ್ನು ಮರಳಿ ಪೆನ್‌ಡ್ರೈವ್‌ಗೆ ಹಾಕಿ, ಡೆಸ್ಕ್‌ಟಾಪ್‌ನಲ್ಲಿರುವುದನ್ನು ಅಳಿಸಿ. ಫೋಲ್ಡರ್ ಹೆಸರಿನಲ್ಲಿ ದಿನಾಂಕ ಇಟ್ಟರೆ ಯಾವುದು ಹೊಸದು ಎಂಬ ಗೊಂದಲ ಇರದು. ಎಫ್‌ಎಟಿ 32ರಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಯದು ಎಂಬುದೂ ನೆನಪಿರಲಿ.

9. ಪ್ರೋಗ್ರಾಂ ಫೈಲ್ಸ್ ಒಳಗೆ ಪೋರ್ಟಬಲ್ ಇಡಬೇಡಿ

ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿ ದಾಖಲೆಯೇ ಕಳೆದುಹೋದಂತೆ ಕಾಣುತ್ತದೆ. ವಿಸ್ಟಾದಿಂದೀಚೆಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಎಕ್ಸ್‌ಪಿ ಕಾಲದ ಹಳೆಯ ಸಾಫ್ಟ್‌ವೇರ್ ತನ್ನದೇ ಫೋಲ್ಡರ್‌ನಲ್ಲಿ ಬರೆಯಲು ಹೋದರೆ, ಅದು ಮುರಿದುಬೀಳಬಾರದೆಂದು ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ‘ವರ್ಚುವಲ್ ಸ್ಟೋರ್’ ಎಂಬ ಬೇರೆ ಜಾಗಕ್ಕೆ ತಿರುಗಿಸುತ್ತದೆ. ಸಾಫ್ಟ್‌ವೇರ್ ತೆರೆದರೆ ಹೊಸ ಲೆಕ್ಕವೆಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದುಕೊಂಡು ಬೇರೆ ಕಡೆ ತೆರೆದರೆ ಹಳೆಯ ಲೆಕ್ಕ ಮಾತ್ರ ಇರುತ್ತದೆ! ಆ ಬಳಕೆದಾರರ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್ ಸ್ಟೋರ್ ಎಂದು ಹುಡುಕಿಕೊಂಡು ಹೋದರೆ ಹೊಸದು ಸಿಗುತ್ತದೆ. ಡಿ ಡ್ರೈವ್‌ನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟರೆ ಈ ತಾಪತ್ರಯವೇ ಇಲ್ಲ.

10. ಫೋಲ್ಡರ್ ಜೊತೆ ಕನ್ನಡ ತಾನಾಗಿ ಬರುವುದಿಲ್ಲ, ನೀವೇ ತರಬೇಕು

ಪೋರ್ಟಬಲ್ ಕಿಟ್ ಕಟ್ಟಿಕೊಂಡ ಕನ್ನಡಿಗರು ಮೊದಲು ಎಡವುವುದು ಇಲ್ಲಿ. ಸಾಫ್ಟ್‌ವೇರ್ ಹೊತ್ತೊಯ್ಯಬಹುದು, ಆದರೆ ಫಾಂಟ್ ಮತ್ತು ಕೀಬೋರ್ಡ್ ಸಾಮಾನ್ಯವಾಗಿ ವಿಂಡೋಸಿನ ಸ್ವತ್ತು.

ಶೇಷಾದ್ರಿವಾಸು ಅವರ ‘ಬರಹ’ ಸಾಫ್ಟ್‌ವೇರ್ 1998ರಲ್ಲಿ ಬಂತು. ಅದಾಗಿ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಸರ್ಕಾರಿ ಕಚೇರಿ, ಪತ್ರಿಕೆ, ಡಿಟಿಪಿ ಎಲ್ಲ ಕಡೆ ಕನ್ನಡ ಕಂಪ್ಯೂಟರಿನಲ್ಲಿ ವ್ಯಾಪಕವಾಗಿ ಬಳಕೆಗೆ ಬರಲು ಇವು ನೆರವಾದವು. ಆದರೆ ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ನೀವು ಕಷ್ಟಪಟ್ಟು ಬರೆದ ಪ್ರಬಂಧ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ಕಷ್ಟವಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಯುಐ ಫಾಂಟ್‌ಗಳು ವಿಂಡೋಸ್ ಜೊತೆಗೇ ಬಂದಿವೆ. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಐಚ್ಛಿಕ ಸೌಲಭ್ಯವಾಗಿ ಸೇರಿಸಿಕೊಳ್ಳಬೇಕು. ಹಾಗಾಗಿ ತುಂಗಾದಲ್ಲಿ ಪುಟ ಕಟ್ಟಿದ ಹಳೆಯ ದಾಖಲೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಬೇರೆ ಫಾಂಟ್ ಹಿಡಿದು ಪುಟಗಳು ಹೆಚ್ಚುಕಡಿಮೆ ಆಗಬಹುದು. ಅಕ್ಷರಗಳು ಮಾತ್ರ ಕನ್ನಡವಾಗಿಯೇ ಉಳಿಯುತ್ತವೆ.

ಎಕ್ಸ್‌ಪಿಯಲ್ಲಿ ಒಂದು ತೊಡಕು ಉಂಟು. ಅಲ್ಲಿ ಒತ್ತಕ್ಷರ ಸರಿಯಾಗಿ ಮೂಡಲು ಕಂಟ್ರೋಲ್ ಪ್ಯಾನೆಲ್‌ನ ಭಾಷೆಗಳ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಬೇಕು, ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತದೆ. ವಿಸ್ಟಾದಿಂದ ಮುಂದೆ ಈ ಗೋಜಿಲ್ಲ.

ಫಾಂಟ್ ಒಯ್ಯಲೇಬೇಕಾದರೆ ಮೂರು ದಾರಿ. ದಾಖಲೆಯಲ್ಲೇ ಫಾಂಟ್ ಹುದುಗಿಸುವುದು ಮೊದಲನೆಯದು: ಲಿಬ್ರೆಆಫೀಸ್‌ನಲ್ಲಿ ಫೈಲ್ ಮೆನು, ಪ್ರಾಪರ್ಟೀಸ್, ಫಾಂಟ್ ಎಂಬಲ್ಲಿ, ವರ್ಡ್‌ನಲ್ಲಿ ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ. ಎರಡನೆಯದು, ತಿದ್ದುವುದು ಮುಗಿದಿದ್ದರೆ ಪಿಡಿಎಫ್ ಮಾಡಿ ಒಯ್ಯುವುದು. ಮುದ್ರಣಕ್ಕೆ ಕೊಡುವಾಗ ಇದೇ ನಿಶ್ಚಿಂತೆ. ಮೂರನೆಯದು ವಿಂಡೋಸ್ 10ರ 1809ನೇ ಆವೃತ್ತಿಯಿಂದ ಬಂದ ಅನುಕೂಲ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯ ಮಟ್ಟಿಗೆ ಫಾಂಟ್ ಹಾಕಿಕೊಳ್ಳಬಹುದು.

ಇನ್ನು ಟೈಪಿಂಗ್. ವಿಂಡೋಸ್ 10ರ 1903ನೇ ಆವೃತ್ತಿಯಿಂದ ಕನ್ನಡದ ಫೊನೆಟಿಕ್ ಕೀಬೋರ್ಡ್ ವಿಂಡೋಸ್ ಒಳಗೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ನುಡಿಯ ವಿನ್ಯಾಸಕ್ಕೆ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಅದು ಒಗ್ಗದು. ಏನನ್ನೂ ಹಾಕಲು ಬಿಡದ ಸಿಸ್ಟಮ್‌ನಲ್ಲಿ ಸಿಕ್ಕಿಕೊಂಡರೆ ಕನ್ನಡ ವಿಕಿಪೀಡಿಯ ತೆರೆಯಿರಿ. ಅಲ್ಲಿ ಬರೆಯುವ ಪೆಟ್ಟಿಗೆಯಲ್ಲಿ ಕ್ಲಿಕ್ ಮಾಡಿದರೆ ಪಕ್ಕದಲ್ಲಿ ಕೀಬೋರ್ಡ್ ಚಿಹ್ನೆ ಕಾಣುತ್ತದೆ. ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆಜಿಪಿ (ಅಂದರೆ ನುಡಿಯ) ವಿನ್ಯಾಸಗಳು ಅದರಲ್ಲಿವೆ. ಅಲ್ಲಿ ಬರೆದು, ಕಾಪಿ ಮಾಡಿ ನಿಮ್ಮ ದಾಖಲೆಗೆ ಅಂಟಿಸಿಕೊಳ್ಳಿ. ವಿಕಿಪೀಡಿಯದಲ್ಲಿ ಪ್ರಕಟಿಸುವ ಗುಂಡಿ ಮಾತ್ರ ಒತ್ತಬೇಡಿ. ಒಂದೆರಡು ಪುಟದ ಮನವಿಯನ್ನೋ ವರದಿಯನ್ನೋ ಹೀಗೆ ಧಾರಾಳವಾಗಿ ಮುಗಿಸಬಹುದು.

11. ಇನ್‌ಸ್ಟಾಲ್ ಮಾಡಲೇಬೇಕಾದ್ದನ್ನು ಇನ್‌ಸ್ಟಾಲ್ ಮಾಡಿ

ಪ್ರಿಂಟರ್, ಸ್ಕ್ಯಾನರ್ ಡ್ರೈವರ್‌ಗಳು, ಆ್ಯಂಟಿವೈರಸ್, ವಿಪಿಎನ್, ಲೆಕ್ಕಪರಿಶೋಧಕರ ಡಿಜಿಟಲ್ ಸಹಿಯ ಟೋಕನ್. ಇವೆಲ್ಲ ವಿಂಡೋಸಿನ ಒಳಗರ್ಭದ ಜೊತೆ ಮಾತಾಡಬೇಕಾದವು, ಫೋಲ್ಡರ್‌ನಲ್ಲಿ ಕೂತು ಆ ಕೆಲಸ ಮಾಡಲಾರವು. ನಿಮ್ಮ ಸ್ವಂತ ಸಿಸ್ಟಮ್‌ನಲ್ಲಿ ದಿನವೂ ಬಳಸುವ ಬ್ರೌಸರನ್ನೂ ಇನ್‌ಸ್ಟಾಲ್ ಮಾಡುವುದೇ ಸರಿ. ಭದ್ರತೆಯ ತಿದ್ದುಪಡಿ ತಾನಾಗಿ ಬಂದು ಸೇರುತ್ತದೆ, ಕೊಂಡಿ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಡಬಲ್ ಕ್ಲಿಕ್ ಮಾಡಿದ ದಾಖಲೆ ತಾನಾಗಿ ಸರಿಯಾದ ಸಾಫ್ಟ್‌ವೇರಿನಲ್ಲಿ ತೆರೆಯಬೇಕೆಂದು ಬಯಸುವ ಮನೆಯ ಹಿರಿಯರಿಗೆ ಪೋರ್ಟಬಲ್ ಕೊಟ್ಟು ಪೀಡಿಸಬೇಡಿ.

12. ಪಾಸ್‌ವರ್ಡ್ ಇರುವ ಬ್ರೌಸರ್ ಫೋಲ್ಡರ್ ಎಂದರೆ ಮನೆಯ ಕೀಲಿಕೈ

ಕ್ರೋಮ್ ತನ್ನಲ್ಲಿರುವ ಪಾಸ್‌ವರ್ಡ್‌ಗಳನ್ನು ಆ ಸಿಸ್ಟಮ್‌ನ ನಿಮ್ಮ ವಿಂಡೋಸ್ ಖಾತೆಗೆ ಕಟ್ಟಿ ಬೀಗ ಹಾಕುತ್ತದೆ. ಅದರ ಪ್ರೊಫೈಲನ್ನು ಬೇರೆ ಕಡೆ ಕಾಪಿ ಮಾಡಿದರೆ ಅವು ತೆರೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬೀಗವೂ ಕೀಲಿಯೂ ಅದೇ ಪ್ರೊಫೈಲ್ ಫೋಲ್ಡರ್‌ನಲ್ಲಿವೆ. ಅದು ನಿಜವಾಗಿ ಪೋರ್ಟಬಲ್ ಆಗಿರುವುದು ಅದರಿಂದಲೇ, ಅಪಾಯವೂ ಅದರಿಂದಲೇ. ಪೆನ್‌ಡ್ರೈವ್ ಕಳೆದರೆ ಸಿಕ್ಕವರ ಕೈಗೆ ಎಲ್ಲ ಪಾಸ್‌ವರ್ಡ್ ಸಿಕ್ಕಂತೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿ, ಇಲ್ಲವೇ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಇಡುವುದನ್ನೇ ಬಿಟ್ಟು ಕೀಪಾಸ್ ಬಳಸಿ.

ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆಯದ ಪುಟ ಫೈರ್‌ಫಾಕ್ಸ್ 52ರಲ್ಲಿ ತೆರೆಯುವುದನ್ನು ಕೆಲವರು ಗಮನಿಸಿರಬಹುದು. ಎಕ್ಸ್‌ಪಿಯ ಸುರಕ್ಷಿತ ಸಂಪರ್ಕದ ವ್ಯವಸ್ಥೆ ಟಿಎಲ್‌ಎಸ್ 1.0ಕ್ಕೇ ನಿಂತಿತು, ಫೈರ್‌ಫಾಕ್ಸ್ ಮಾತ್ರ ತನ್ನದೇ ವ್ಯವಸ್ಥೆ, ತನ್ನದೇ ಪ್ರಮಾಣಪತ್ರಗಳನ್ನು ಹೊತ್ತು ತರುತ್ತದೆ. ಫಲಿತಾಂಶ ನೋಡಲು, ಅರ್ಜಿ ನಮೂನೆ ಇಳಿಸಿಕೊಳ್ಳಲು ಅದು ಸಾಕು. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಬೆಂಬಲ ನಿಂತ ವಿಂಡೋಸ್‌ನಲ್ಲೂ ಮಾಡಬೇಡಿ, ಬೇರೆಯವರ ಸಿಸ್ಟಮ್‌ನಲ್ಲೂ ಮಾಡಬೇಡಿ. ನೀವು ಒತ್ತುವ ಕೀಲಿಗಳನ್ನು ಕದ್ದು ಬರೆದಿಡುವ ಪ್ರೋಗ್ರಾಂ ಅಲ್ಲಿ ಇದ್ದರೆ, ನಿಮ್ಮ ಬ್ರೌಸರ್ ಪೋರ್ಟಬಲ್ ಆಗಿದ್ದೂ ಪ್ರಯೋಜನವಿಲ್ಲ.

13. ಗುರುತು ಉಳಿಯುವುದಿಲ್ಲ ಎಂಬ ಭ್ರಮೆ ಬೇಡ

ಯಾವ ಪೆನ್‌ಡ್ರೈವ್ ಹಾಕಿದಿರಿ ಎಂಬುದನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ಯಾವ ಪ್ರೋಗ್ರಾಂ ಓಡಿಸಿದಿರಿ ಎಂಬ ಗುರುತು ಪ್ರೀಫೆಚ್ ಫೋಲ್ಡರ್‌ನಲ್ಲಿ ಉಳಿಯಬಹುದು, ತೆರೆದ ಕಡತದ ಹೆಸರು ಇತ್ತೀಚಿನವುಗಳ ಪಟ್ಟಿಯಲ್ಲಿ ಕೂರುತ್ತದೆ. ಗುಟ್ಟಿನ ದಾಖಲೆಗಳನ್ನು ಬೇರೆಯವರ ಸಿಸ್ಟಮ್‌ನಲ್ಲಿ ತೆರೆಯದಿರುವುದೇ ಕ್ಷೇಮ.

14. ಶಾರ್ಟ್‌ಕಟ್ ವೈರಸ್‌ಗೆ ಸಿದ್ಧರಾಗಿಯೇ ಹೋಗಿ

ಸೈಬರ್ ಸೆಂಟರ್‌ನಲ್ಲಿ ಪೆನ್‌ಡ್ರೈವ್ ಹಾಕಿ ತೆಗೆದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಫೋಲ್ಡರ್‌ಗಳೆಲ್ಲ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕೂತಿರುತ್ತವೆ. ಒಂದನ್ನು ಒತ್ತಿದರೆ ಮನೆಯ ಸಿಸ್ಟಮ್‌ಗೂ ಅಂಟುತ್ತದೆ. ಪೆನ್‌ಡ್ರೈವ್ ಹಾಕಿದ ಕೂಡಲೇ ಪ್ರೋಗ್ರಾಂ ತಾನಾಗಿ ಓಡುವ ಆಟೋರನ್ ವ್ಯವಸ್ಥೆಯನ್ನೂ ಬಳಸಿಕೊಂಡು 2008ರ ಕೊನೆಯಲ್ಲಿ ಬಂದ ಕಾನ್‌ಫಿಕರ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳ ಮಟ್ಟಿಗೆ ಆಟೋರನ್ ಇಲ್ಲ. ಎಕ್ಸ್‌ಪಿ, ವಿಸ್ಟಾಗಳಿಗೆ 2011ರ ಅಪ್‌ಡೇಟ್‌ನಲ್ಲಿ ಅದನ್ನು ನಿಲ್ಲಿಸಿದರು. ಆ ಅಪ್‌ಡೇಟ್ ಕಾಣದ ಎಕ್ಸ್‌ಪಿಗಳಲ್ಲಿ ಅದು ಇನ್ನೂ ಜೀವಂತ.

ಪೋರ್ಟಬಲ್ ಬಳಸುವವರು ಪೆನ್‌ಡ್ರೈವ್‌ನಿಂದ ಪ್ರೋಗ್ರಾಂ ಓಡಿಸುವುದನ್ನೇ ರೂಢಿ ಮಾಡಿಕೊಂಡಿರುವುದರಿಂದ ಅವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಫೋಲ್ಡರ್ ಆಪ್ಷನ್ಸ್‌ನಲ್ಲಿ ಕಡತಗಳ ಎಕ್ಸ್‌ಟೆನ್ಷನ್ ಮತ್ತು ಮರೆಯಲ್ಲಿರುವ ಕಡತಗಳು ಕಾಣುವಂತೆ ಮಾಡಿ. ನಿಮ್ಮ ಕಿಟ್‌ನಲ್ಲಿ ಏನೇನಿರಬೇಕು ಎಂಬುದು ನಿಮಗೆ ಬಾಯಿಪಾಠ ಇರಲಿ. ಹೊಸ ಹೆಸರು ಕಂಡರೆ ಮುಟ್ಟಬೇಡಿ. ಬರವಣಿಗೆ ತಡೆಯುವ ಪುಟ್ಟ ಸ್ವಿಚ್ ಇರುವ ಪೆನ್‌ಡ್ರೈವ್‌ಗಳು, ಎಸ್‌ಡಿ ಕಾರ್ಡ್‌ಗಳು ಸಿಗುತ್ತವೆ. ಕಿಟ್ಟನ್ನು ಅಂಥದ್ದರಲ್ಲಿ ಇಟ್ಟು, ದಾಖಲೆಗಳಿಗೆ ಬೇರೆ ಪೆನ್‌ಡ್ರೈವ್ ಬಳಸಿದರೆ ಇನ್ನೂ ಒಳ್ಳೆಯದು.

15. ಅಪ್‌ಡೇಟ್ ನಿಮ್ಮ ಹೊಣೆ

ಪೋರ್ಟಬಲ್‌ಗಳಲ್ಲಿ ಹಲವು ತಾವಾಗಿ ಹೊಸದಾಗುವುದಿಲ್ಲ. ತಿಂಗಳಿಗೆ ಒಂದು ದಿನ ಗೊತ್ತು ಮಾಡಿಕೊಂಡು ಬ್ರೌಸರ್‌ನಿಂದ ಶುರುಮಾಡಿ ನೋಡಿ. ಹೊಸದನ್ನು ಹಳೆಯದರ ಮೇಲೆ ಹಾಕುವ ಮುನ್ನ ಇಡೀ ಫೋಲ್ಡರನ್ನು ಒಂದು ಕಾಪಿ ತೆಗೆದಿಡಿ. ಪೋರ್ಟಬಲ್‌ನ ದೊಡ್ಡ ಸೌಭಾಗ್ಯ ಇದೇ: ಹೊಸದು ಹಿಡಿಸದಿದ್ದರೆ ಹಳೆಯ ಫೋಲ್ಡರನ್ನು ಮರಳಿ ಇಟ್ಟರೆ ಸಾಕು, ಎಲ್ಲ ಸೆಟ್ಟಿಂಗ್‌ಗಳ ಸಮೇತ ನಿನ್ನೆಗೆ ಹೋಗುತ್ತೀರಿ.

16. ಕೇಳಿ ಓಡಿಸಿ

ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಓಡುತ್ತದೆ ಎಂಬುದು ಅನುಮತಿ ಅಲ್ಲ. ಕಚೇರಿ, ಕಾಲೇಜುಗಳಲ್ಲಿ ಪೆನ್‌ಡ್ರೈವ್ ಪ್ರೋಗ್ರಾಂಗಳನ್ನು ತಡೆದಿದ್ದರೆ ಅದಕ್ಕೆ ಕಾರಣವಿರುತ್ತದೆ. ಲ್ಯಾಬ್ ನೋಡಿಕೊಳ್ಳುವವರಿಗೆ ನಿಮ್ಮ ಕಿಟ್ ತೋರಿಸಿ ಕೇಳಿ. ಏನಿದೆ ಎಂದು ಕಂಡರೆ ಬಹಳಷ್ಟು ಜನ ಒಪ್ಪುತ್ತಾ​ರೆ. ಪರವಾನಗಿಯನ್ನೂ ಓದಿ. ಉದಾಹರಣೆಗೆ, ಚಿತ್ರ ನೋಡಲು ಬಳಸುವ ಇರ್ಫಾನ್‌ವ್ಯೂ ಮನೆಬಳಕೆಗೆ ಉಚಿತ, ವ್ಯಾಪಾರಕ್ಕೆ ಅಲ್ಲ.

17. ವಿಂಡೋಸೇ ಏಳದಿದ್ದರೆ?

ಆಗ ಇಡೀ ಆಪರೇಟಿಂಗ್ ಸಿಸ್ಟಮನ್ನೇ ಜೇಬಿನಲ್ಲಿ ಒಯ್ಯಬೇಕು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ ಪಪ್ಪಿ ಲಿನಕ್ಸ್ ಪೆನ್‌ಡ್ರೈವ್‌ನಿಂದ ಎದ್ದು ರ್‍ಯಾಮಿನಲ್ಲೇ ಓಡುತ್ತದೆ, ಹಾರ್ಡ್‌ಡಿಸ್ಕ್ ಕೆಟ್ಟಿದ್ದರೂ ನಡೆಯುತ್ತದೆ. ವಿಂಡೋಸ್ ಕೈಕೊಟ್ಟ ಹಳೆಯ ಸಿಸ್ಟಮ್‌ನಿಂದ ದಾಖಲೆಗಳನ್ನು ಹೊರತೆಗೆಯಲು ಇದು ಬಹಳ ಒದಗುತ್ತದೆ. ಲಿನಕ್ಸ್‌ನಲ್ಲಿ ಪೋರ್ಟಬಲ್‌ಗೆ ಸಮನಾದದ್ದು ಆ್ಯಪ್‌ಇಮೇಜ್: ಒಂದೇ ಕಡತ, ಓಡಲು ಅನುಮತಿ ಕೊಟ್ಟರೆ ತೆರೆಯುತ್ತದೆ. ಸೆಟ್ಟಿಂಗ್ ಮಾತ್ರ ಹೋಮ್ ಫೋಲ್ಡರಿಗೆ ಹೋಗುತ್ತದೆ ಎಂಬುದು ಗೊತ್ತಿರಲಿ.

ಪಪ್ಪಿಯನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸಲು, ಮೊದಲು ಬೂಟ್ ಮೆನುವಿಗೆ ಹೋಗುವ ಕೀಲಿ ಯಾವುದೆಂದು ನೋಡಿ. ಎಫ್ 12, ಎಫ್ 9, ಎಸ್ಕೇಪ್ ಹೀಗೆ ಕಂಪನಿಗೊಂದು ಇರುತ್ತದೆ. ತುಂಬ ಹಳೆಯ ಸಿಸ್ಟಮ್‌ಗೆ 32 ಬಿಟ್‌ನ ಪಪ್ಪಿ ಬೇಕು. ಹೊಸ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಅಡ್ಡ ಬರಬಹುದು. ಅದನ್ನು ಬದಲಿಸುವ ಮುನ್ನ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ, ಅದರ ರಿಕವರಿ ಕೀ ನಿಮ್ಮ ಹತ್ತಿರ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ವಿಂಡೋಸ್ ಆ ಕೀ ಕೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಎಲ್ಲವೂ ಸರಿ ಇರುವ ಒಂದು ಭಾನುವಾರ ಮನೆಯ ಸಿಸ್ಟಮ್‌ನಲ್ಲಿ ಒಮ್ಮೆ ಬೂಟ್ ಮಾಡಿ, ಒಂದು ಕನ್ನಡ ದಾಖಲೆ ತೆರೆದು ಅಕ್ಷರ ಸರಿಯಾಗಿ ಮೂಡುತ್ತದೆಯೇ ನೋಡಿ. ಮೂಡದಿದ್ದರೆ ಒಂದು ಯೂನಿಕೋಡ್ ಕನ್ನಡ ಫಾಂಟನ್ನು ಅದೇ ಪೆನ್‌ಡ್ರೈವ್‌ಗೆ ಸೇರಿಸಿಡಿ.